ಮಾದಿಯ ಹಾಜರಿ

ಮಾದಿ ಸತ್ತ ಮಾರನೆಯ ಬೆಳಿಗ್ಗೆಯೂ ಮೇಸ್ತ್ರಿ ನಾಣಯ್ಯ ಅವಳ ಹೆಸರು ಕೂಗಿದ.

ಚೆಟ್ಟಳ್ಳಿಯಾಚೆಯ ಆ ಕಾಫಿ ತೋಟದಲ್ಲಿ ಅದೇ ಪದ್ಧತಿ. ಆಳು ಸತ್ತರೂ ಹೆಸರು ಸಾಯುವುದಿಲ್ಲ. ಯಾವ ಕಾಲದಲ್ಲೋ ಯಾವನೋ ಅಜ್ಜ ಪಡೆದ ಮುಂಗಡದ ಸಾಲ ಆ ಹೆಸರಿನ ಮೇಲಿರುತ್ತದೆ. ಸತ್ತವರ ಹೆಸರು ಕೂಗಿದಾಗ ಮನೆಯ ಮಗುವೊಂದು ‘ಓ’ ಅನ್ನಬೇಕು. ಅಂದ ಮೇಲೆ ಅದು ತೋಟದ ಆಳು. ಓಡಿಹೋದರೆ ಹಿಡಿದು ತರುತ್ತಾರೆ. ಮಾದಿಯ ಮಗನನ್ನು ಶನಿವಾರಸಂತೆಯಿಂದ ಹಾಗೆಯೇ ತಂದಿದ್ದರು, ಕೈ ಹಿಂದಕ್ಕೆ ಕಟ್ಟಿ. ಮರುವರ್ಷ ಅವನು ಸತ್ತ.

ಮಾದಿಯ ಮಗಳನ್ನು ಕರೆಯುತ್ತಿದ್ದುದು ಪಾಪ ಎಂದು. ಪಾಪ ಎಂಬುದೂ ಅವಳ ಹೆಸರಲ್ಲ, ಸತ್ತ ಚಿಕ್ಕಮ್ಮನದು. ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಅದಕ್ಕೆ ಓಗೊಟ್ಟಳು. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ಮರೆತುಹೋಯಿತು. ಅದನ್ನು ಬಲ್ಲವಳು ಅವ್ವ ಒಬ್ಬಳೇ. ಈಗ ಅವ್ವ ನೆರಳಿಗೆ ಬೆಳೆಸಿದ ಸಿಲ್ವರ್ ಮರಗಳ ಬುಡದಲ್ಲಿ ಮಣ್ಣಾಗಿದ್ದಳು.

“ಮಾದೀ...”

ಪುಷ್ಯದ ಮಂಜಿನಲ್ಲಿ ಮುಖ ಕಾಣುವುದಿಲ್ಲ. ಅದಕ್ಕೇ ಅಲ್ಲಿ ತಲೆ ಎಣಿಸುತ್ತಿರಲಿಲ್ಲ, ದನಿ ಕೇಳಿ ಹಾಜರಿ ಹಿಡಿಯುತ್ತಿದ್ದರು. ಪಾಪ ತನ್ನ ಮಗಳು ಚಿನ್ನಳ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದಳು.

“ಸೂತಕ ಕಳೀಲಿ,” ಎಂದ ನಾಣಯ್ಯ. “ಆಮೇಲೂ ಕೂಸು ಬಾಯಿ ಬಿಡ್ಲಿಲ್ಲ ಅಂದ್ರೆ ನಾನೇ ಬಿಡಿಸ್ತೀನಿ. ನಿಮ್ಮವ್ವನೂ ಕರೆದ ಕೂಡ್ಲೆ ಓ ಅಂದವಳಲ್ಲ. ವಂಶದ ಗುಣ.”

ಸಾಲಿನಲ್ಲಿ ಒಬ್ಬಿಬ್ಬರು ನಕ್ಕರು.

ಸೂತಕ ಕಳೆಯುವ ಮುನ್ನಾದಿನ ಮನೋರಮಾ ಟೀಚರ್ ಆಳುಗಳ ಲೈನುಮನೆಗೆ ಬಂದರು. ಮಡಿಕೇರಿಯ ಅರ್ಚಕರ ಮನೆಯವರು. ಬಡ ಹುಡುಗಿಯರಿಗೆಂದು ಒಂದು ಹಾಸ್ಟೆಲ್ ನಡೆಸುತ್ತಿದ್ದರು. ಹೊಸ್ತಿಲಲ್ಲೇ ಕೂತು ಪಾಪ ಕೊಟ್ಟ ಕರಿಕಾಫಿ ಕುಡಿದರು. ಅಷ್ಟರಿಂದಲೇ ಪಾಪ ಅವರನ್ನು ಅರ್ಧ ನಂಬಿದಳು.

“ಇವತ್ತೇ ಕಳಿಸು. ಮಗು ಇನ್ನೂ ಹಾಜರಿಗೆ ಓ ಅಂದಿಲ್ಲ. ನಮ್ಮ ಆಳು ಅಂತ ಅವರು ಹೇಳೋ ಹಾಗಿಲ್ಲ.”

“ಹೆಸರು ಖಾಲಿ ಬಿದ್ರೆ ಹುಡುಕ್ಕೊಂಡು ಬರ್ತಾರೆ, ಟೀಚರಮ್ಮ.”

“ಬರ್ಲಿ. ಮಡಿಕೇರೀಲಿ ಈಗ ನಮ್ಮದೇ ಸರ್ಕಾರ ಇದೆ.”

“ಸರ್ಕಾರ ಮಡಿಕೇರೀಲಿದೆ. ನಾಣಯ್ಯ ಇಲ್ಲಿದ್ದಾನೆ.”

ಮನೋರಮಾ ಲೋಟ ಕೆಳಗಿಟ್ಟರು. ಪಾಪ ಒಳಗಿಂದ ಚಿನ್ನಳ ಕಂಬಳಿ ತಂದಳು.

“ಖಾಲಿ ಬೀಳದ ಹಾಗೆ ನಾನು ನೋಡ್ಕೋತೀನಿ. ಕರ್ಕೊಂಡು ಹೋಗಿ. ಚಿನ್ನ ಅಂತಲೇ ಕರೀಬೇಕು. ಬೇರೆ ಹೆಸರು ಇಡ್ಬೇಡಿ.”

ಸಂಜೆ ಚಿನ್ನ ಕಂಬಳಿ ಹೊದ್ದು ಟೀಚರ ಹಿಂದೆ ನಡೆದಳು. ಅಳಲಿಲ್ಲ. ಹಾಸ್ಟೆಲಿನಲ್ಲಿ ದಿನಾ ಅನ್ನ ಕೊಡುತ್ತಾರಾ ಎಂದು ಮಾತ್ರ ಕೇಳಿದಳು.

ಮರುಬೆಳಿಗ್ಗೆ ಪಾಪ ಸಾಲು ಬಿಟ್ಟು ಸಿಲ್ವರ್ ಮರಗಳ ಕಡೆಗೆ ಸರಿದು ನಿಂತಳು.

“ಮಾದೀ...”

“ಓ.”

ಕಫ ಕಟ್ಟಿದ ಮುದಿ ದನಿ. ಅವ್ವನದೇ. ಇಷ್ಟು ಚೆನ್ನಾಗಿ ಬರುತ್ತದೆಂದು ಪಾಪಳಿಗೇ ಗೊತ್ತಿರಲಿಲ್ಲ. ನಾಣಯ್ಯ ಲಾಟೀನು ಅರ್ಧ ಎತ್ತಿದ, ಮತ್ತೆ ಇಳಿಸಿದ. ಮಾದಿಯ ಗುಂಡಿಗೆ ಮಣ್ಣು ಬಿದ್ದದ್ದನ್ನು ಅವನೇ ನಿಂತು ನೋಡಿದ್ದ. ಅದು ಪಾಪಳ ದನಿಯೆಂದು ಸಾಲಿನವರಿಗೆ ತಿಳಿಯಿತೋ ಇಲ್ಲವೋ, ಎಲ್ಲರೂ ಮುಂದಕ್ಕೇ ನೋಡುತ್ತ ನಿಂತರು. ಅಷ್ಟರಲ್ಲಿ ಪಾಪ ತನ್ನ ಜಾಗಕ್ಕೆ ಬಂದು ತನ್ನ ಹೆಸರಿಗೂ ಓಗೊಟ್ಟಳು.

ಅಂದು ಅವಳು ಎರಡು ಬುಟ್ಟಿ ಹಣ್ಣು ಕೊಯ್ದಳು. “ಇದು ಮಾದಿದು,” ಎಂದು ಒಂದನ್ನು ಮುಂದಿಟ್ಟಾಗ ನಾಣಯ್ಯ ಅದನ್ನು ಮುಟ್ಟಲಿಲ್ಲ.

“ಕೂಸೆಲ್ಲಿ?”

“ಹೆಸರಿಗೆ ಆಳು ಉಂಟಲ್ಲ ಮೇಸ್ತ್ರಿ. ಕೂಸು ಯಾಕೆ?”

ಅವನು ಮತ್ತೆ ಕೇಳಲಿಲ್ಲ. ದಿನಾ ಕತ್ತಲೆ ಬೀಳುವ ತನಕ ಎರಡು ಬುಟ್ಟಿ. ಪಾಪಳ ಬೆರಳು ಸೀಳಿದವು, ಸೊಂಟ ಬಾಗಿತು. ಕಫದ ದನಿ ಒಮ್ಮೊಮ್ಮೆ ಕರೆಯದೆಯೂ ಬರತೊಡಗಿತು.

ಹಣ್ಣಿನ ಪಿಕ್ಕಿಂಗು ಮುಗಿಯುವ ಹೊತ್ತಿಗೆ ಜ್ವರ ಬಂತು. ಗಂಟಲು ಪೂರಾ ಕಟ್ಟಿತು. ಆದರೂ ಬಂದು ಸಾಲಿನಲ್ಲಿ ನಿಂತಳು; ಮರಗಳ ಕಡೆಗೆ ಸರಿಯಲು ಕಾಲು ಬರಲಿಲ್ಲ.

“ಮಾದೀ...”

ಬಾಯಿ ತೆರೆದಳು. ಗಾಳಿ ಮಾತ್ರ ಹೊರಟಿತು. ಚಿನ್ನಳನ್ನು ಹಿಡಿದು ತರಲು ಮಡಿಕೇರಿಯ ದಾರಿಯಲ್ಲಿ ತೋಟದ ಜೀಪು ಹೋಗುವುದು ಕಣ್ಣಿಗೆ ಕಟ್ಟಿತು.

“ಓ.”

ಬೆನ್ನ ಹಿಂದೆ, ಸಿಲ್ವರ್ ಮರಗಳ ಬುಡದಿಂದ, ಅವ್ವನದೇ ದನಿ. ನಾಣಯ್ಯನಿಗೆ ಈಗ ಅಭ್ಯಾಸವಾಗಿತ್ತು. ಮುಂದಿನ ಹೆಸರಿಗೆ ಹೋದ. ಪಾಪ ತನ್ನ ಸರದಿಗೆ ಬುಟ್ಟಿಯನ್ನು ಕುಟ್ಟಿದಳು. ಅದನ್ನೂ ಒಪ್ಪಿದ.

ಜನ ಗಿಡಗಳ ಕಡೆಗೆ ಹೊರಟಾಗ ಆ ದನಿ ಕಿವಿಯ ಹತ್ತಿರವೇ ಮತ್ತೊಂದು ಹೆಸರು ಹಿಡಿದು ಕರೆಯಿತು. ಚಿಕ್ಕ ಮಗುವಿನ ಹೆಸರು. ಹುಟ್ಟಿದಾಗ ತನಗಿಟ್ಟ ಹೆಸರೆಂದು ಪಾಪಳಿಗೆ ತಕ್ಷಣ ಗುರುತು ಸಿಕ್ಕಿತು.

ತಿರುಗಲಿಲ್ಲ. ಓಗೊಡಲಿಲ್ಲ. ಆ ಹೆಸರನ್ನು ಈ ತೋಟ ಇನ್ನೂ ಕೂಗಿರಲಿಲ್ಲ. ಅದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡು, ಎರಡೂ ಬುಟ್ಟಿ ಎತ್ತಿಕೊಂಡಳು.