ಒದ್ದೆ ಹತ್ತಿ

ಬೇಸಿಗೆ ಕಾಲಿಟ್ಟ ವಾರ, ಸೋಮವಾರ ಬೆಳಿಗ್ಗೆ ಎಂಟೂಕಾಲು. ಮೆಡಿಕಲ್ ಕಾಲೇಜಿನ ಓದುವ ಕೋಣೆಯಲ್ಲಿ ಮೇಜುಗಳನ್ನು ಗೋಡೆಗೆ ಒತ್ತರಿಸಿ ಲಸಿಕೆಯ ಐಸ್ ಡಬ್ಬಿ ಇಳಿಸಿದರು. ಸಾಂಕ್ರಾಮಿಕ ಶುರುವಾಗಿ ಒಂದು ವರ್ಷ ಕಳೆದಿತ್ತು. ವಾರ್ಡುಗಳಲ್ಲಿ ನಿಲ್ಲಲು ಜನ ಸಾಲದೆ ಮೂರನೇ ವರ್ಷದ ಹುಡುಗರನ್ನೂ ಕರೆದಿದ್ದರು. ಅದಕ್ಕೇ ಮೊದಲ ಸರದಿ ಅವರದು.

ಲಸಿಕೆ ಕೋಣೆ ನೋಡಿಕೊಳ್ಳುವ ಹಿರಿಯ ನರ್ಸನ್ನು ಎಲ್ಲರೂ ಸಿಸ್ಟರಮ್ಮ ಎನ್ನುತ್ತಿದ್ದರು. ಮೂವತ್ತೊಂದು ವರ್ಷದ ಸರ್ವೀಸು, ಮಾತು ಕಡಿಮೆ. ಅವರ ತಂಗಿಯ ಮಗಳೂ ಅದೇ ತರಗತಿಯಲ್ಲಿದ್ದಳು. ತಂಗಿ ತೀರಿಕೊಂಡಾಗ ಹುಡುಗಿಗೆ ಒಂಬತ್ತು ವರ್ಷ. ಅಂದಿನಿಂದ ಅವಳು ಇವರ ಮನೆಯ ಮಗಳೇ. ದೊಡ್ಡಮ್ಮ, ದೊಡ್ಡಪ್ಪ, ಅವಳು, ಮೂರೇ ಜನ. ದೊಡ್ಡಪ್ಪನಿಗೆ ಎರಡು ವರ್ಷದ ಹಿಂದೆ ಬೇರೆಯವರ ಮೂತ್ರಪಿಂಡ ಕೂಡಿಸಿದ್ದರು. ಅದು ಮೈಗೆ ಹೊಂದಿಕೊಳ್ಳಲೆಂದು ಕೊಡುವ ಮಾತ್ರೆ ಮೈಯ ಕಾವಲನ್ನೇ ಮಲಗಿಸುತ್ತದೆ. ಲಸಿಕೆ ಕೊಟ್ಟರೂ ಅವರಿಗೆ ಅರೆಬರೆ ಹತ್ತುತ್ತದೆ, ಜೊತೆಗಿರುವವರು ಹಾಕಿಸಿಕೊಳ್ಳಲೇಬೇಕು ಎಂದು ದೊಡ್ಡ ಡಾಕ್ಟರು ಬಿಡಿಸಿ ಹೇಳಿದ್ದರು. ಹೇಳುವಾಗ ಹುಡುಗಿ ಪಕ್ಕದಲ್ಲೇ ಕೂತಿದ್ದಳು.

ಸೋಮವಾರ ನಲವತ್ತು ಜನರಲ್ಲಿ ಬಂದು ತೋಳು ಕೊಟ್ಟವರು ಒಂಬತ್ತೇ ಮಂದಿ. ಉಳಿದವರು ಬಾಗಿಲ ಹೊರಗೆ ನಿಂತು ತಮಾಷೆ ನೋಡಿದರು.

"ಇಲಿಗಳಿಗೆ ಕೊಟ್ಟಾಯ್ತಂತೆ ಕಣ್ರೋ, ಈಗ ನಮ್ಮ ಸರದಿ."

"ಇಲಿಗಾದ್ರೂ ಅಟೆಂಡೆನ್ಸ್ ಕೇಳಲ್ಲ!"

ಗುಂಪಿನ ಮುಂದಾಳು ಮೈಕು. ಬಾಯಿ ತೆರೆದರೆ ಕೊನೆ ಬೆಂಚಿಗೂ ಕೇಳಿಸುತ್ತಿದ್ದುದರಿಂದ ಆ ಹೆಸರು. ಅಪ್ಪ ಸ್ವಂತ ಆಸ್ಪತ್ರೆ ಇಟ್ಟಿರುವ ಡಾಕ್ಟರು.

"ಹತ್ತು ವರ್ಷದ ಕೆಲಸ ಹತ್ತು ತಿಂಗಳಲ್ಲಿ ಮುಗಿಸಿದ್ದಾರೆ ಸಿಸ್ಟರ್. ನಮ್ಮ ವಯಸ್ಸಿಗೆ ಈ ರೋಗ ಬಂದ್ರೆ ಒಂದು ನೆಗಡಿ, ಅಷ್ಟೇ. ನಾವ್ಯಾಕೆ ಹಾಕಿಸ್ಕೋಬೇಕು?"

"ನಿನಗೆ ನೆಗಡಿ ಸರಿ. ನೀನು ಮುಟ್ಟೋ ರೋಗಿಗೆ ವಯಸ್ಸೆಷ್ಟಪ್ಪಾ?" ಎಂದರು ಸಿಸ್ಟರಮ್ಮ.

"ಚುಚ್ಚೋದು ನಿಮ್ಮ ಕೆಲಸ. ಚರ್ಚೆ ನಮಗೆ ಬಿಡಿ."

ಎಲ್ಲರೂ ಗೊಳ್ಳೆಂದರು. ಆ ನಗೆಯಲ್ಲಿ ತಂಗಿಯ ಮಗಳ ನಗೆಯನ್ನು ಸಿಸ್ಟರಮ್ಮನ ಕಿವಿ ಬೇರೆಯಾಗಿ ಹೆಕ್ಕಿತು.

ಮಧ್ಯಾಹ್ನಕ್ಕೆ ಪ್ರಿನ್ಸಿಪಾಲರ ಆಜ್ಞೆ ಬಂತು. ಲಸಿಕೆ ಬೇಡ ಎನ್ನುವವರು ಬರೆದುಕೊಟ್ಟು ತರಗತಿಯಲ್ಲಿ ಕೂರಬಹುದು, ವಾರ್ಡಿಗೆ ಕಾಲಿಡುವಂತಿಲ್ಲ. ವಾರ್ಡಿಲ್ಲ ಎಂದರೆ ಒಂದು ವರ್ಷ ಹಿಂದೆ ಬಿದ್ದಂತೆ. ಮಂಗಳವಾರ ಬೆಳಿಗ್ಗೆ ಮೂವತ್ತೊಂದು ಜನವೂ ಸಾಲಾಗಿ ಹಾಜರು.

ಆ ಕಾಲೇಜಿನಲ್ಲಿ ಹಳೆಯದೊಂದು ಪದ್ಧತಿಯಿತ್ತು. ಮೂರನೇ ವರ್ಷದವರು ಇಬ್ಬಿಬ್ಬರಾಗಿ ಒಬ್ಬರಿಗೊಬ್ಬರು ಚುಚ್ಚಬೇಕು. ಚುಚ್ಚಿಸಿಕೊಳ್ಳದೆ ಚುಚ್ಚುವ ಕೈ ಹದವಾಗುವುದಿಲ್ಲ ಎಂದು ಹಿಂದಿನವರು ಮಾಡಿದ್ದು. ಸಿಸ್ಟರಮ್ಮ ಅಳೆದ ಸಿರಿಂಜು ಕೈಗೆ ಕೊಟ್ಟು ದಾಖಲೆ ಪುಸ್ತಕ ಮುಂದಿಡುತ್ತಿದ್ದರು. ಚುಚ್ಚಿದವರು ಚುಚ್ಚಿಸಿಕೊಂಡವರ ಹೆಸರು ಬರೆದು, ಎಡವೋ ಬಲವೋ ತೋಳು ಯಾವುದೆಂದು ಬರೆದು ಸಹಿ ಹಾಕಬೇಕು. ಹುಡುಗಿಗೆ ಮೈಕು ಚುಚ್ಚಿದ. ಎರಡು ಗಂಟೆಯಲ್ಲಿ ಎಲ್ಲ ಮುಗಿಯಿತು. ಎಲ್ಲರೂ ಇಷ್ಟು ಸಾಧುವಾದದ್ದು ಸಿಸ್ಟರಮ್ಮನಿಗೆ ಸರಿಕಾಣಲಿಲ್ಲ.

ಸಂಜೆ ಕಸ ಬೇರೆ ಮಾಡುವಾಗ ಗೊತ್ತಾಯಿತು. ಸೂಜಿ ಒಂದು ಡಬ್ಬಿಗೆ, ಹತ್ತಿ ಹಳದಿ ಚೀಲಕ್ಕೆ. ಚೀಲ ಎತ್ತಿದರೆ ಒಳಮೈಗೆ ಹನಿ ಅಂಟಿತ್ತು. ಗ್ಲೌಸು ಹಾಕಿಕೊಂಡು ಒಂದೊಂದೇ ಉಂಡೆ ತೆಗೆದು ಕಾಗದದ ಮೇಲಿಟ್ಟರು. ಚುಚ್ಚಿದ ಜಾಗ ಒತ್ತಿದ ಹತ್ತಿ ಒಣಗಿರುತ್ತದೆ, ನಡುವೆ ಸಾಸಿವೆ ಕಾಳಿನಷ್ಟು ರಕ್ತ. ಸ್ಪಿರಿಟ್ಟಿನ ಹತ್ತಿಯಾದರೆ ಇಷ್ಟು ಹೊತ್ತಿಗೆ ಆರಿರುತ್ತದೆ. ಇಲ್ಲಿ ಹದಿನೇಳು ಉಂಡೆಗಳಲ್ಲಿ ರಕ್ತವಿಲ್ಲ, ವಾಸನೆಯಿಲ್ಲ, ಹಿಂಡಿದರೆ ಬೆರಳು ಒದ್ದೆ. ತೋಳಿನ ಮೇಲೆ ಹತ್ತಿ ಹಿಡಿದು, ಸೂಜಿಯನ್ನು ಅದರೊಳಗೆ ನೆಟ್ಟು, ಮದ್ದು ಬಿಟ್ಟಿದ್ದರು. ಎದುರು ಕೂತವರ ಕಣ್ಣಿಗೆ ಚುಚ್ಚಿದ ಹಾಗೇ ಕಾಣುತ್ತದೆ. ಅರ್ಧ ಮಿಲಿ ಮದ್ದು ಎಷ್ಟು ಹತ್ತಿ ನೆನೆಸುತ್ತದೆಂದು ಪಠ್ಯಪುಸ್ತಕದಲ್ಲಿ ಬರೆದಿಲ್ಲ. ಅದಕ್ಕೇ ಹುಡುಗರಿಗೆ ಗೊತ್ತಿರಲಿಲ್ಲ.

ಯಾರ ಹತ್ತಿ ಯಾವುದೆಂದು ಮಾತ್ರ ಹೇಳುವಂತಿರಲಿಲ್ಲ.

ಮನೆಗೆ ಬಂದಾಗ ಹುಡುಗಿ ದೊಡ್ಡಪ್ಪನ ಪಕ್ಕ ಕೂತು ಮಾತ್ರೆ ಎಣಿಸಿ ಕೊಡುತ್ತಿದ್ದಳು. ಮೂಗಿನ ಮೇಲೆ ಮಾಸ್ಕಿಲ್ಲ.

"ತೋಳು ನೋಯ್ತಿದೆಯೇನೇ?"

"ಸ್ವಲ್ಪ ದೊಡ್ಡಮ್ಮ."

ಸಿಸ್ಟರಮ್ಮ ಅವಳ ಬಲತೋಳಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. "ಇಲ್ಲೇನಾ?"

"ಅಯ್ಯೋ, ಹೌದು, ಅಲ್ಲೇ."

"ಮೈಕು ಎಡ ಅಂತ ಬರೆದಿದ್ದಾನಲ್ಲೇ."

ದೊಡ್ಡಪ್ಪನ ಕೈಯಲ್ಲಿದ್ದ ನೀರಿನ ಲೋಟ ಅರ್ಧದಲ್ಲೇ ನಿಂತಿತು. ಹುಡುಗಿ ತೋಳು ಕಿತ್ತುಕೊಂಡಳು.

"ಪರೀಕ್ಷೆ ಮಾಡ್ತೀರಾ ನನ್ನ? ಪೊಲೀಸ್ ಕೆಲಸ ಯಾವಾಗ ಹಿಡಿದ್ರಿ?"

"ನೀನು ಕಳ್ಳಿ ಕೆಲಸ ಹಿಡಿದ ದಿನ."

"ನನ್ನ ಮೈ, ನನ್ನ ಇಷ್ಟ. ನೀವು ನರ್ಸು ದೊಡ್ಡಮ್ಮ, ಚುಚ್ಚು ಅಂದ್ರೆ ಚುಚ್ತೀರಿ. ನಾನು ಡಾಕ್ಟರ್ ಆಗೋಳು, ಯಾಕೆ ಅಂತ ಕೇಳ್ತೀನಿ."

"ಕೇಳೇ! ಬೇಡ ಅಂತ ಬರೆದುಕೊಟ್ಟು ತಲೆ ಎತ್ಕೊಂಡು ಕೂತ್ಕೊ, ಕೈ ಮುಗೀತೀನಿ. ಹಾಕಿಸ್ಕೊಂಡೆ ಅಂತ ಸುಳ್ಳು ಬರೆಸಿ ಇವರ ಮುಖದ ಮೇಲೆ ಉಸಿರು ಬಿಡ್ತಿದ್ದೀಯಲ್ಲ, ಅದ್ಯಾವ ಡಾಕ್ಟರಿಕೆ?"

"ಇರಲಿ ಬಿಡೇ, ಮಗು ಅದು," ಎಂದರು ದೊಡ್ಡಪ್ಪ.

"ಮಗುವಿನ ಬಾಯಿ ಕೇಳಿದ್ರಲ್ಲ. ನೀವು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ."

ಆಮೇಲೆ ಹುಡುಗಿಗೆ ಹೇಳಿದರು: "ನಾಳೆ ಹನ್ನೆರಡರ ತನಕ ನಾನು ಬಾಯಿ ಬಿಡಲ್ಲ. ಬಂದು ನಿಜವಾಗಿ ಹಾಕಿಸ್ಕೋ, ಇಲ್ಲಾ ಬೇಡ ಅಂತ ಬರೆದುಕೊಡು. ಉಳಿದ ಹದಿನಾರು ಜನಕ್ಕೂ ಹೇಳು."

"ಅವರ ಹೆಸರು ನನ್ನ ಬಾಯಿಂದ ಬರುತ್ತೆ ಅಂದ್ಕೊಂಡಿದ್ರೆ ಮರೆತುಬಿಡಿ."

ಬುಧವಾರ ಹನ್ನೆರಡು ಹೊಡೆಯಿತು. ಯಾರೂ ಬರಲಿಲ್ಲ. ಸಿಸ್ಟರಮ್ಮನ ಬಳಿ ಖಾತ್ರಿಯಾಗಿ ಇದ್ದ ಹೆಸರು ಒಂದೇ, ಅದೂ ಕೈಯಾರೆ ತಲೆ ಬಾಚಿ ಬೆಳೆಸಿದ ಹುಡುಗಿಯದು. ಅವಳು ಡಾಕ್ಟರಾಗಲಿ ಎಂದು ಅವರು ಎಷ್ಟು ಪಾಳಿ ಜಾಸ್ತಿ ದುಡಿದಿದ್ದರೋ ಅವರಿಗೇ ನೆನಪಿಲ್ಲ. ಸುಮ್ಮನಿದ್ದರೆ ಅವಳು ಸೋಮವಾರ ವಾರ್ಡಿಗೆ ಹೋಗುತ್ತಾಳೆ, ಸಂಜೆ ಮನೆಗೆ ಬಂದು ಆ ಮನುಷ್ಯನ ಪಕ್ಕ ಕೂರುತ್ತಾಳೆ. ಹನ್ನೆರಡೂಹತ್ತಕ್ಕೆ ಆ ಒಂದು ಹೆಸರು ಬರೆದ ದೂರು ಹಿಡಿದು ಪ್ರಿನ್ಸಿಪಾಲರ ಕೋಣೆಯ ಬಾಗಿಲು ತಟ್ಟಿದರು.

ಗುರುವಾರ ಪ್ರಿನ್ಸಿಪಾಲರು ಸಿಸ್ಟರಮ್ಮ, ಹುಡುಗಿ, ಮೈಕು ಮೂವರನ್ನೂ ಕೂರಿಸಿಕೊಂಡರು. ಮೇಜಿನ ಮೇಲೆ ಹಳದಿ ಚೀಲ.

"ಚುಚ್ಚಿದವನು ನೀನು. ಚುಚ್ಚಿದೆಯೋ ಇಲ್ಲವೋ?" ಎಂದು ಮೈಕುವನ್ನು ಕೇಳಿದರು.

ಮೈಕುವಿನ ಗಂಟಲು ಅಂದು ಸಣ್ಣದಾಗಿತ್ತು. "ಅವಳೇ ಬೇಡ ಅಂದ್ಲು ಸಾರ್. ಬಲವಂತ ಮಾಡಿದೆ, ಕೇಳಲಿಲ್ಲ."

ಹುಡುಗಿ ತಿರುಗಿ ಅವನ ಮುಖ ನೋಡಿದಳು.

"ಹಾಗಾದರೆ ನಿನಗೆ? ನಿನ್ನದೂ ಹತ್ತಿಗೇ ಹೋಯಿತೇನು?" ಎಂದರು ಪ್ರಿನ್ಸಿಪಾಲರು.

"ನಂದು ಹೋದ ತಿಂಗಳೇ ಆಗಿದೆ ಸಾರ್. ಅಪ್ಪನ ಆಸ್ಪತ್ರೆಯಲ್ಲಿ." ಮೈಕು ಜೇಬಿನಿಂದ ಮಡಿಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. "ಅಮ್ಮ ಹಾಕಿಸದೆ ಬಿಡಲಿಲ್ಲ. ಹುಡುಗರಿಗೆ ಹೇಳೋಕಾಗಲಿಲ್ಲ."

ತಿಂಗಳಿಡೀ ಮೂವತ್ತು ಜನರ ತಲೆಗೆ ಹುಳ ಬಿಟ್ಟವನ ತೋಳಿಗೆ ಲಸಿಕೆ ಬಿದ್ದು ಆಗಲೇ ಹಳತಾಗಿತ್ತು.

"ಥೂ, ನಾಚ್ಕೆ ಆಗ್ಬೇಕು ನಿನಗೆ," ಎಂದಳು ಹುಡುಗಿ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿದಳು. "ಇವನು ಮೋಸ ಮಾಡಿದ, ಸರಿ. ನೀವು? ಹದಿನೇಳು ಹತ್ತಿ ಸಿಕ್ತು. ಬರೆದದ್ದು ನಂದೊಂದೇ ಹೆಸರು. ಉಳಿದವರೆಲ್ಲ ಆರಾಮಾಗಿ ಓಡಾಡ್ತಿದ್ದಾರೆ."

"ನೀನು ಬಾಯಿ ಬಿಡಲಿಲ್ಲ. ನನಗೆ ಗೊತ್ತಿದ್ದದ್ದು ನೀನೊಬ್ಬಳೇ."

"ಅಮ್ಮ ಇದ್ದಿದ್ರೆ ಬರೀತಿದ್ಲಾ?"

ಸಿಸ್ಟರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

ಪ್ರಿನ್ಸಿಪಾಲರು ಹುಡುಗಿಯನ್ನೂ ಮೈಕುವನ್ನೂ ಒಂದು ತಿಂಗಳು ವಾರ್ಡಿನಿಂದ ಹೊರಗಿಟ್ಟರು. ಮಂಗಳವಾರ ಬಂದಿದ್ದವರೆಲ್ಲ ಮೂರು ವಾರದ ಬಳಿಕ ನರ್ಸುಗಳ ಕೈಯಿಂದಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು, ಲಸಿಕೆಯ ಗುರುತು ಕಾಣದಿದ್ದರೆ ಇದೇ ಶಿಕ್ಷೆ ಎಂದು ಬೋರ್ಡಿಗೆ ಅಂಟಿಸಿದರು. ಅದನ್ನು ಓದಿದವರು ಸಿಸ್ಟರಮ್ಮನಿಗೆ ನಮಸ್ಕಾರ ಹೇಳುವುದನ್ನು ಬಿಟ್ಟರು. ಕಾರಿಡಾರಿನಲ್ಲಿ ಯಾರೋ "ಹತ್ತಿ ಅಜ್ಜಿ ಬಂದ್ರು, ತೋಳು ಮುಚ್ಕೊಳ್ರೋ" ಎಂದರು. ಯಾರೆಂದು ಅವರು ತಿರುಗಿ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಹುಡುಗಿ ಲಸಿಕೆ ಕೋಣೆಗೆ ಬಂದಳು. ಸಿಸ್ಟರಮ್ಮ ಸಿರಿಂಜಿಗೆ ಕೈ ಹಾಕಿದರು.

"ಇವರ ಕೈಯಿಂದ ಬೇಡ," ಎಂದು ಕಿರಿಯ ನರ್ಸಿಗೆ ಹೇಳಿ, ಎಡತೋಳು ಮೇಲೆತ್ತಿ, ಸೂಜಿ ಒಳಗೆ ಹೋಗುವ ತನಕ ದೊಡ್ಡಮ್ಮನನ್ನೇ ನೆಟ್ಟ ನೋಟದಲ್ಲಿ ನೋಡಿದಳು.

"ಆಯ್ತಲ್ಲ? ಈಗ ದೊಡ್ಡಪ್ಪನಿಗೆ ನನ್ನಿಂದ ಭಯವಿಲ್ಲ."

"ಇದು ಹತ್ತೋಕೆ ಎರಡು ವಾರ ಬೇಕು, ಇನ್ನೊಂದು ಡೋಸೂ ಇದೆ. ಅಲ್ಲೀವರೆಗೆ ಮನೇಲಿ ಮಾಸ್ಕ್ ಹಾಕ್ಕೋ."

"ಮನೇಲಿ ಇದ್ರೆ ತಾನೇ," ಎಂದಳು ಹುಡುಗಿ.

ಶನಿವಾರ ಬೆಳಿಗ್ಗೆ ಅವಳು ಬಟ್ಟೆ ಕಟ್ಟಿಕೊಂಡು ಮನೆಯಿಂದ ಹೊರಗಿಳಿದಾಗ ದೊಡ್ಡಪ್ಪ ಒಳಕೋಣೆಯ ಕಿಟಕಿಯಿಂದ ಎರಡು ಸಲ ಕರೆದರು. ಅವಳು ದೂರದಿಂದಲೇ ಕೈಯೆತ್ತಿದಳು, ಹತ್ತಿರ ಹೋಗಲಿಲ್ಲ. ಸಿಸ್ಟರಮ್ಮ ಬಾಗಿಲಲ್ಲಿ ನಿಂತಿದ್ದರು. ಹತ್ತು ಗಂಟೆಗೆ ಹುಡುಗಿ ಎರಡು ಚೀಲ ಹೊತ್ತು ಹಾಸ್ಟೆಲಿಗೆ ಹೊರಟುಹೋದಳು.