ಒತ್ತಿನ ಕೆಳಗಿನ ಗೀಟು

ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರಗಳು ಚೆನ್ನಾಗಿ ಕಾಣತೊಡಗಿದ ಕ್ಷಣದಲ್ಲೇ ವಿಶಾಖಾಳ ಎದೆ ಧಸಕ್ಕೆಂದಿತು.

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಅವಳದು ಒಂದು ಡಿಟಿಪಿ ಅಂಗಡಿ. ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಕೈಕೊಟ್ಟ ಮೇಲೆ ತಮ್ಮ ಗೌತಮ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದ. ಕೆಲಸ ಸುಸೂತ್ರವಾಗಿ ನಡೆದಿತ್ತು. ಆದರೆ ಕನ್ನಡ ಅಕ್ಷರಗಳು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಮಸುಕಾಗಿ ಕಾಣುತ್ತಿದ್ದವು. ಅವಳು ಇಂಟರ್ನೆಟ್ಟಿನಲ್ಲಿ ಹುಡುಕಿ, ಯಾರೋ ಹೇಳಿದಂತೆ ಅಂಚು ನಯಗೊಳಿಸುವ ಸೌಲಭ್ಯವನ್ನು ತೆಗೆದುಹಾಕಿದಳು. ಅಕ್ಷರದ ಗೆರೆಗಳನ್ನು ಪರದೆಯ ಚುಕ್ಕೆಗಳ ಸಾಲಿಗೆ ಎಳೆದು ಕೂರಿಸುವ ‘ಹಿಂಟಿಂಗ್’ ಅನ್ನು ಪೂರ್ತಿ ಏರಿಸಿದಳು. ಅಕ್ಷರಗಳು ಸೂಜಿಯಿಂದ ಬರೆದಂತೆ ಚೂಪಾದವು. ಹಾಗೆಯೇ ಕೆಲವು ವಾರ ಕೆಲಸ ಮಾಡಿದಳು.

ಚೂಪು ಹೆಚ್ಚಾಗಿ ಕಣ್ಣು ಉರಿಯತೊಡಗಿದ್ದರಿಂದ ಈ ಬೆಳಿಗ್ಗೆ ಮತ್ತೆ ಅದೇ ಸೆಟ್ಟಿಂಗ್ ತೆರೆದು ಅಂಚನ್ನು ನಯ ಮಾಡಿದಳು, ಹಿಂಟಿಂಗ್ ಇಳಿಸಿದಳು, ಬೇರೆ ಫಾಂಟ್ ಆರಿಸಿದಳು. ಹೇಗೆ ಕಾಣುತ್ತದೆ ನೋಡೋಣ ಎಂದು ಕೊನೆಯದಾಗಿ ಮಾಡಿದ್ದ ಫೈಲ್ ತೆರೆದಳು. ಅದು ಮಾನ್ವಿಯಲ್ಲಿ ತನ್ನ ಮನೆಯವರ ಕೇರಿಯಲ್ಲಿ ಹೊಸದಾಗಿ ಕಟ್ಟಿದ ವಿಹಾರದ ಹೆಸರಿನ ಕಲ್ಲಿಗೆ ಕಳಿಸಿದ ಬರಹ: ಸಿದ್ಧಾರ್ಥ ಬುದ್ಧ ವಿಹಾರ.

ಅವಳು ಬರೆಯಬೇಕಾಗಿದ್ದದ್ದು ಅದು. ಪರದೆಯ ಮೇಲೆ ಇದ್ದದ್ದು ‘ಸಿದ್ಧಾರ್ಥ ಬುದ್ದ ವಿಹಾರ’.

ಮೊದಲ ಪದದ ಒತ್ತಿನ ಕೆಳಗೆ ಧಕಾರದ ಸಣ್ಣ ಗೀಟು ಇತ್ತು. ಎರಡನೆಯದರಲ್ಲಿ ಇರಲಿಲ್ಲ. ಅಲ್ಲಿ ಶಿಫ್ಟ್ ಕೀಲಿ ಒತ್ತಲು ಬೆರಳು ಮರೆತಿತ್ತು. ಹಳೆಯ ಸೆಟ್ಟಿಂಗಿನಲ್ಲಿ ಇಡೀ ಪುಟವನ್ನು ಪರದೆಗೆ ಹೊಂದಿಸಿ ನೋಡಿದರೆ ಮೊದಲ ಪದದ ಗೀಟೂ ಮಾಯವಾಗುತ್ತಿತ್ತು. ಎರಡೂ ಒಂದೇ ರೀತಿ ಕಂಡಿದ್ದರಿಂದ ಅವಳಿಗೆ ಅನುಮಾನವೇ ಬಂದಿರಲಿಲ್ಲ.

ಬೇರೆ ಯಾವ ಪದವಾಗಿದ್ದರೂ ಇಷ್ಟು ಗಾಬರಿ ಆಗುತ್ತಿರಲಿಲ್ಲ. ಹಿಂದಿನ ವರ್ಷ ಕೇರಿಯ ಹಬ್ಬಕ್ಕೆ ಬೇರೆಯವರು ಮಾಡಿಕೊಟ್ಟ ಬ್ಯಾನರಿನಲ್ಲಿ ‘ಬುದ್ದ ಪೂರ್ಣಿಮೆ’ ಎಂದಿತ್ತು. ಅದರ ಫೋಟೊ ಊರಿನ ವಾಟ್ಸಾಪ್ ಗುಂಪಿಗೆ ಹೋಗಿ, ‘ಮೊದಲು ಅಕ್ಷರ ಕಲೀರಿ, ಆಮ್ಯಾಲ ಪೂರ್ಣಿಮಿ ಮಾಡ್ರಿ’ ಎಂದು ಒಬ್ಬ ಬರೆದಿದ್ದ. ಕೆಳಗೆ ನಗುವ ಮುಖಗಳ ಸಾಲೇ ಬಿದ್ದಿತ್ತು. ನಿವೃತ್ತ ಪೋಸ್ಟ್‌ಮ್ಯಾನ್ ಆದ ಅವಳ ಕಾಕಾ ಅಯ್ಯಣ್ಣ ವಿಹಾರ ಸಮಿತಿಯ ಅಧ್ಯಕ್ಷ. ಈ ಸಲ ಆತ ಸಭೆಯಲ್ಲೇ ಹೇಳಿದ್ದ: “ಕಲ್ಲಿನ ಬರಹ ನಮ್ಮ ವಿಶಾಖಾನ ಮಾಡ್ಲಿ. ನಮ್ಮ ಹುಡುಗಿ ತಪ್ಪು ಮಾಡಂಗಿಲ್ಲ.”

ಉದ್ಘಾಟನೆ ನಾಳೆ ಇತ್ತು.

ದೇವದುರ್ಗದ ಗ್ರಾನೈಟ್ ಅಂಗಡಿಯ ವಿನೋದನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಅಂಗಡಿಗೆ ಬೀಗ ಹಾಕಿ ದೇವದುರ್ಗದ ಬಸ್ ಹತ್ತಿದಳು. ಕಾಕಾಗೆ ಹೇಳಲು ಧೈರ್ಯ ಬರಲಿಲ್ಲ. ಹೇಳಿದರೂ ಫೋನಿನಲ್ಲಿ ತಿಳಿಸುವುದಾದರೂ ಹೇಗೆ? ಅವರ ಮನೆಯಲ್ಲಿ, ಕೇರಿಯಲ್ಲಿ, ಸುತ್ತಲಿನ ಊರುಗಳಲ್ಲಿ ಯಾರು ಆ ಹೆಸರು ಹೇಳಿದರೂ ಕಿವಿಗೆ ಕೇಳುವುದು ‘ಬುದ್ದ’ ಎಂದೇ. ವ್ಯತ್ಯಾಸ ಇದ್ದದ್ದು ಕಣ್ಣಿಗೆ ಮಾತ್ರ.

ಬಸ್ಸು ಕಲ್ಮಲಾ ಮುಟ್ಟುವಷ್ಟರಲ್ಲಿ ವಿನೋದನ ಫೋನ್ ಬಂತು.

“ಮಿಶನ್ ಸಪ್ಪಳದಾಗ ಕೇಳಲಿಲ್ರೀ ಅಕ್ಕಾರ. ಹೇಳ್ರಿ.”

“ಕೆತ್ತೂದು ನಿಲ್ಲಸ್ರಿ!”

“ಏನು ನಿಲ್ಲಸ್ಲಿ? ನಿಮ್ಮ ಕಲ್ಲು ಮುಂಜಾನೇನ ಗಾಡಿ ಹತ್ತೇದ. ಇಷ್ಟೊತ್ತಿಗೆ ಮಾನ್ವಿ ಸೇರಿರಬೇಕು.”

“ಅದರಾಗ ಬುದ್ಧ ಅಂತ ಕೆತ್ತೀರೋ, ಬುದ್ದ ಅಂತ ಕೆತ್ತೀರೋ?”

“ಎಷ್ಟು ಮಂದಿ ಬುದ್ದ ಅದಾರ್ರೀ ಅಕ್ಕಾರ?”

“ಧ, ಧ. ಕೆಳಗ ಗೀಟು ಇರೂದು.”

“ನೀವು ಕಳಿಸಿದ್ದನ್ನ ಮಿಶನ್ ಕೆತ್ತೇದ. ನಾ ನಡುವ ಕೈ ಹಚ್ಚಂಗಿಲ್ರೀ. ಹಚ್ಚಿದ್ರ ನೀವ ಬೈತೀರಿ.”

ಕಂಡಕ್ಟರನಿಗೆ ಕೂಗಿ ಹೇಳಿ ಅಲ್ಲೇ ಇಳಿದಳು. ಮಾನ್ವಿಯ ಬಸ್ಸಿಗೆ ಕಾಯುತ್ತ ನಿಂತಾಗ ಅವಳ ತಲೆಯಲ್ಲಿ ನಾಳೆಯ ಫೋಟೊಗಳು, ಅವುಗಳ ಕೆಳಗೆ ಬೀಳುವ ಮಾತುಗಳು ಸಾಲುಗಟ್ಟಿದವು. ಬ್ಯಾನರ್ ಆಗಿದ್ದರೆ ಸುತ್ತಿ ಒಳಗಿಡಬಹುದಿತ್ತು. ಇದು ಕಲ್ಲು. ನಾಳೆ ಹೋದವರು ನಾಡಿದ್ದು ಬಂದರೂ ಅಲ್ಲೇ ಇರುತ್ತದೆ.

ಮಾನ್ವಿಯಲ್ಲಿ ಕಲ್ಲು ವಿಹಾರದ ಗೋಡೆಗೆ ಒರಗಿತ್ತು. ಮೇಲೆ ಗೋಣಿಚೀಲ ಹೊದಿಸಿ ಹಗ್ಗ ಬಿಗಿದಿದ್ದರು. ಗಾರೆಯವ ತಾಯಪ್ಪ ಅದನ್ನು ಕೂರಿಸುವ ಜಾಗಕ್ಕೆ ಸಿಮೆಂಟು ಕಲಸುತ್ತಿದ್ದ. ಅಯ್ಯಣ್ಣ ಅವಳನ್ನು ಕಂಡು ಹಿಗ್ಗಿದ.

“ನಾಳೆ ಬರಾಕಿ ಇವತ್ತ ಬಂದಿ! ಬಾ ಯವ್ವಾ, ನಿನ್ನ ಕೈಲೇನ ಬಿಚ್ಚು.”

ಅವಳು ಹಗ್ಗ ಬಿಚ್ಚಿದಳು. ಕಪ್ಪು ಕಲ್ಲಿನಲ್ಲಿ ಬಿಳಿಯ ಅಕ್ಷರಗಳು. ಸಿದ್ಧಾರ್ಥ: ಗೀಟು ಇದೆ. ಪಕ್ಕದ ಪದದಲ್ಲಿ ಇಲ್ಲ. ಇಷ್ಟು ದೊಡ್ಡ ಅಕ್ಷರದಲ್ಲಿ ಅದನ್ನು ಯಾರು ಬೇಕಾದರೂ ಕಾಣಬಹುದಿತ್ತು.

“ಕಾಕಾ, ತಪ್ಪಾಗೇದ.”

“ಎಲ್ಲಿ? ಸಿದ್ದಾರ್ಥ ಬುದ್ದ ವಿಹಾರ. ಬರೋಬ್ಬರಿ ಅದಲ್ಲ?”

ಅವಳು ಅವನ ತೋರುಬೆರಳು ಹಿಡಿದು ಮೊದಲ ಒತ್ತಿನ ಕೆಳಗೆ ಇಟ್ಟಳು. ಗೀಟು ಬೆರಳಿಗೆ ತಾಗಿತು. ನಂತರ ಎರಡನೆಯದರ ಕೆಳಗೆ ಇಟ್ಟಳು. ಅಲ್ಲಿ ಬರೀ ನುಣುಪು. ಅಯ್ಯಣ್ಣ ಮತ್ತೆ ಮೊದಲನೆಯದನ್ನು ಮುಟ್ಟಿದ, ಮತ್ತೆ ಎರಡನೆಯದನ್ನು. ಅವನ ಮುಖ ಬಾಡಿತು.

“ಇದು ಬ್ಯಾನರಿನ ತಪ್ಪ ಅಲ್ಲೇನ?”

“ಹೂಂ. ಶಿಫ್ಟ್ ಕೀಲಿ ಒತ್ತೂದು ಮರ್ತೆ.”

“ಒಂದ ಕಲ್ಲಿನ್ಯಾಗ ಒಂದು ಸರಿ, ಒಂದು ತಪ್ಪು. ಎರಡೂ ತಪ್ಪಿದ್ರ ಅಕ್ಷರ ಬರಾಂಗಿಲ್ಲ ಅಂತಿದ್ರು. ಈಗ ಬಂದೂ ಹಿಂಗ ಮಾಡ್ಯಾರ ಅಂತಾರ.” ಅವನು ಕಟ್ಟೆಯ ಮೇಲೆ ಕುಸಿದು ಕೂತ. “ಆ ಶಿಫ್ಟ್ ಒತ್ತಾಕ ಕಿರುಬೆರಳಿಗೆ ಏನು ಬ್ಯಾನಿ ಬಂದಿತ್ತು ನಿನಗ?”

ಅವಳು ಕಣ್ಣೊರೆಸಿಕೊಂಡಳು. ಹಿಂಟಿಂಗು, ಪರದೆಯ ಚುಕ್ಕೆ ಎಂದು ವಿವರಿಸಿದರೆ ಅದು ನೆಪ ಹೇಳಿದಂತೆಯೇ ಕೇಳುತ್ತಿತ್ತು.

ತಾಯಪ್ಪ ಕರಣಿ ಬಿಟ್ಟು ಎದ್ದು ಬಂದ. “ಏನು ಹೆಚ್ಚಾಗೇದೋ, ಕಮ್ಮಿಯಾಗೇದೋ?”

“ಕಮ್ಮಿ,” ಎಂದಳು. “ಒಂದು ಗೀಟು.”

“ಮತ್ತ ಯಾಕ ಅಳ್ತಿ? ಹೆಚ್ಚಾಗಿದ್ರ ಅಳಬೇಕಿತ್ತು. ಕಲ್ಲಿನ್ಯಾಗ ಅಳಿಸೂದು ದೇವರಿಗೂ ಬರಂಗಿಲ್ಲ.”

“ಚಕ್ಕಿ ಎದ್ದರ?” ಎಂದ ಅಯ್ಯಣ್ಣ.

“ಎದ್ದರ ಎದ್ದೀತು. ಪಾಲಿಶ್ ಕಲ್ಲು, ಮಾತು ಕೊಡಾಂಗಿಲ್ಲ. ಹೇಳ್ರಿ, ಹೊಡೀಲೋ ಬ್ಯಾಡೋ?”

ಅಯ್ಯಣ್ಣ ವಿಶಾಖಾಳ ಕಡೆ ನೋಡಿದ. ಅವಳು ಚೀಲದಿಂದ ಪೆನ್ಸಿಲ್ ತೆಗೆದಳು. ಕಪ್ಪು ಕಲ್ಲಿನ ಮೇಲೆ ಗುರುತು ಹತ್ತಲಿಲ್ಲ. ತಾಯಪ್ಪ ಸೀಮೆಸುಣ್ಣದ ತುಂಡು ಕೊಟ್ಟ. ಮೊದಲ ಒತ್ತನ್ನು ನೋಡುತ್ತ ಎರಡನೆಯದರ ಕೆಳಗೆ ಗೆರೆ ಎಳೆದಳು. ಅದು ಡೊಂಕಾಯಿತು. ಒರೆಸಿ ಮತ್ತೆ ಎಳೆದಳು.

ತಾಯಪ್ಪ ಉಳಿ ಇಟ್ಟ. ಸುತ್ತಿಗೆಯ ಮೊದಲ ಪೆಟ್ಟಿಗೆ ಬಿಳಿ ಪುಡಿ ಹಾರಿತು. ಎರಡನೆಯ ಪೆಟ್ಟಿಗೆ ಅಕ್ಕಿಕಾಳಿನಷ್ಟು ಚಕ್ಕೆ ಪಕ್ಕಕ್ಕೆ ಸಿಡಿಯಿತು. ಅಯ್ಯಣ್ಣ “ಹೋತು” ಎಂದ. ತಾಯಪ್ಪ ತಲೆ ಎತ್ತಲಿಲ್ಲ. ಇನ್ನೂ ಹಗುರಾಗಿ ಬಡಿದು, ಬಾಯಿಂದ ಊದಿ, ಪಕ್ಕಕ್ಕೆ ಸರಿದ.

ಗೀಟು ಬಂದಿತ್ತು. ಯಂತ್ರದ್ದಕ್ಕಿಂತ ಅಗಲ, ತುಸು ಓರೆ. ಆದರೆ ಧ. ವಿಶಾಖಾ ಉಗುರು ಇಟ್ಟು ನೋಡಿದಳು. ಸಿಕ್ಕಿತು.

ಬಿಳಿ ಬಣ್ಣ ತುಂಬಿದ ಮೇಲೆ ಅಯ್ಯಣ್ಣ ಫೋಟೊ ತೆಗೆದು ಊರಿನ ಗುಂಪಿಗೆ ಹಾಕಿದ. “ಕಾಕಾ, ನಾಳೆ ಹಾಕೋಣು,” ಎಂದು ಅವಳು ಹೇಳುವಷ್ಟರಲ್ಲಿ ಹೋಗಿತ್ತು. ಇಬ್ಬರೂ ಪರದೆ ನೋಡುತ್ತ ಕೂತರು. ಒಬ್ಬ ಕೈಮುಗಿದ. ಇನ್ನೊಬ್ಬ ಹೂ ಕಳಿಸಿದ. ಅಷ್ಟರಲ್ಲಿ ಬ್ಯಾನರಿಗೆ ನಕ್ಕವನ ಹೆಸರು ಮೂಡಿತು.

‘ಬುದ್ಧ ಅನ್ನೂದರ ಕೆಳಗ ಅದೇನು, ಕಲ್ಲು ಸೀಳೇದೇನು?’

ಅಯ್ಯಣ್ಣ ಕನ್ನಡಕ ಸರಿಪಡಿಸಿಕೊಂಡು ಫೋನನ್ನು ಅವಳ ಕಡೆ ತಿರುಗಿಸಿದ.

“ಇದರಾಗ ಆ ದೊಡ್ಡ ದ ಎಲ್ಲಿರ್ತದ, ತೋರ್ಸು.”

ಅವಳು ತೋರಿಸಿದಳು. ಅವನು ಅದೊಂದನ್ನೇ ಒತ್ತಿ ಕಳಿಸಿದ.

‘ಧ’