ಉಪ್ಪಿನ ಇಬ್ಬರು ಒಡತಿಯರು

ಒಂದು ವರ್ಷದಿಂದ ರೋಷನ್ ಬೀ ಮಾಡಿದ ಅಡುಗೆಯನ್ನು ಜನ ಇನ್ನೊಬ್ಬಳ ಹೆಸರು ಹೇಳಿಕೊಂಡು ಉಣ್ಣುತ್ತಿದ್ದರು. ಉಂಡವರು ಬೆರಳು ಚೀಪಿಕೊಂಡು, "ನಿಮ್ಮ ತಾಯಿಯ ಕೈಗೆ ಬಂಗಾರದ ಬಳೆ ತೊಡಿಸಬೇಕು" ಎನ್ನುತ್ತಿದ್ದರು. ದೋಣಿಯ ಯಜಮಾನ ಸ್ತೆಲಿಯೋಸ್ ಒಂದಿಷ್ಟೂ ನಾಚದೆ ಆ ಹೊಗಳಿಕೆಯನ್ನೆಲ್ಲ ಜೇಬಿಗಿಳಿಸುತ್ತಿದ್ದ. ಕೆಳಗೆ, ದೋಣಿಯ ಹೊಟ್ಟೆಯೊಳಗಿನ ಗೂಡಿನಂಥ ಅಡುಗೆಮನೆಯಲ್ಲಿ, ರೋಷನ್ ಬೀ ಪಾತ್ರೆ ತಿಕ್ಕುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅಂಥ ದಿನ ಪಾತ್ರೆಗಳು ಬಹಳ ಚೊಕ್ಕಟವಾಗುತ್ತಿದ್ದವು.

ಸ್ತೆಲಿಯೋಸನದು ಹಾಯಿದೋಣಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ, ಬರ್ಕ್ಲಿಯ ದಡದಿಂದ ಬೆಳಿಗ್ಗೆ ಹನ್ನೊಂದಕ್ಕೆ ಹೊರಟು ಸಂಜೆ ಐದಕ್ಕೆ ವಾಪಸ್ಸು. ಒಮ್ಮೆಗೆ ಆರೇ ಜನ. ಗ್ರೀಕ್ ಊಟ, ಗ್ರೀಕ್ ವೈನು. ದೋಣಿಗೆ ಅವನ ತಾಯಿ ಎಲೆನಿಯ ಹೆಸರು. ಗಿರಾಕಿಗಳಿಗೆ ಕೊಡುವ ಕಾರ್ಡಿನ ಮೇಲೂ ಅವಳದೇ: 'ಅಮ್ಮ ಎಲೆನಿಯ ಕೈಯಡುಗೆ'. ಅದು ಒಂದು ಕಾಲಕ್ಕೆ ನಿಜವೇ ಆಗಿತ್ತು. ಎರಡು ವರ್ಷದ ಹಿಂದೆ ಮುದುಕಿಗೆ ಲಕ್ವ ಹೊಡೆದು ಬಲಗೈ ಸೋತಿತು, ಕಣ್ಣೂ ಮಂಜಾಯಿತು. ಒಂಬತ್ತು ತಿಂಗಳ ಮೇಲೆ, ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕು ಎಂದು ಕೇಳಿ, ಹತ್ತಿರದ ಫ್ರೀಮಾಂಟಿನಲ್ಲಿ ತಮ್ಮ ಸಮದನ ಮನೆಯಲ್ಲಿದ್ದ ರೋಷನ್ ಬೀ ಬಂದಳು. ಬಂದ ಮೂರೇ ತಿಂಗಳಿಗೆ ಒಲೆ ಅವಳ ವಶವಾಯಿತು.

ಎಲೆನಿಗೆ ಗ್ರೀಕ್ ಬಿಟ್ಟರೆ ಹತ್ತು ಇಂಗ್ಲಿಷ್ ಮಾತು ಬರುತ್ತಿತ್ತು, ರೋಷನ್ ಬೀಗೆ ಇನ್ನೊಂದು ನಲವತ್ತು ಹೆಚ್ಚು. ಪಾಠವೆಲ್ಲ ಕೈಸನ್ನೆಯಲ್ಲೇ ನಡೆಯಿತು. ದ್ರಾಕ್ಷಿ ಎಲೆಯೊಳಗೆ ಅಕ್ಕಿ ಸುತ್ತುವುದು ಸಡಿಲವಾದರೆ ಮುದುಕಿ ಮಣಿಕಟ್ಟಿಗೆ ಚಮಚದಿಂದ ಒಂದು ಬಿಡುತ್ತಿದ್ದಳು. ರೋಷನ್ ಬೀ ಮೊದಲ ದಿನವೇ ಒಂದು ಗೆರೆ ಎಳೆದಿದ್ದಳು: ವೈನಿನ ಬಾಟಲಿ ಸ್ತೆಲಿಯೋಸನದು, ಪಾತ್ರೆ ತನ್ನದು, ಒಂದು ಇನ್ನೊಂದಕ್ಕೆ ತಾಗಕೂಡದು. ಮಾಂಸವೂ ಫ್ರೀಮಾಂಟಿನ ಹಲಾಲ್ ಅಂಗಡಿಯದೇ. ಎಲೆನಿಯ ಕುರಿಮಾಂಸಕ್ಕೆ ವೈನು ಬೀಳಲೇಬೇಕಿತ್ತು. ರೋಷನ್ ಬೀ ಹುಳಿ ದ್ರಾಕ್ಷಿಕಾಯಿ ಹಿಂಡಿ ಹಾಕಿದಳು. ಮುದುಕಿ ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ಇವಳನ್ನೇ ದಿಟ್ಟಿಸಿದಳು. ಆಮೇಲೆ ಇನ್ನೊಂದು ಚಮಚಕ್ಕೆ ಬಾಯಿ ತೆರೆದಳು. ಆ ದಿನ ರೋಷನ್ ಬೀ ಮನೆಗೆ ಹೋದದ್ದು ನೆಲದ ಮೇಲೆ ಕಾಲಿಟ್ಟಲ್ಲ.

ಅಡುಗೆ ಅವಳಿಗೆ ಹೊಟ್ಟೆಪಾಡಷ್ಟೇ ಆಗಿರಲಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಅವಳಪ್ಪ ಮದುವೆಯೂಟದ ಬಾವರ್ಚಿ. ಊಟ ಮುಗಿದ ಮೇಲೆ ಮದುವೆ ಮನೆಯವರು ಅವನನ್ನು ಒಳಕ್ಕೆ ಕರೆಸಿ, ನೆಂಟರ ಮುಂದೆ ನಿಲ್ಲಿಸಿ, "ಇವತ್ತಿನ ಅಡುಗೆ ಇವರದು" ಎಂದು ಹೆಗಲಿಗೆ ಶಾಲು ಹೊದಿಸುವುದು ರೂಢಿ. ಒಂದು ಮದುವೆಯಲ್ಲಿ ಬಿರಿಯಾನಿಗೆ ಉಪ್ಪು ಹೆಚ್ಚಾಯಿತು. ಅವತ್ತು ಯಾರೂ ಕರೆಯಲಿಲ್ಲ. ಅಪ್ಪ ಟವೆಲಿಗೆ ಕೈ ಒರೆಸಿಕೊಂಡು ತಾನೇ ಒಳಗೆ ಹೋಗಿ, ಅಷ್ಟು ಜನರ ಮುಂದೆ ನಿಂತು, ಇವತ್ತಿನ ಅಡುಗೆಯೂ ನನ್ನದೇ ಎಂದ. ಹತ್ತು ವರ್ಷದ ರೋಷನ್ ಬೀ ಬಾಗಿಲ ಸಂದಿಯಿಂದ ನೋಡಿದ್ದಳು. ಶಾಲು ಹೊದ್ದ ಅಪ್ಪನಿಗಿಂತ ಅವತ್ತಿನ ಅಪ್ಪನೇ ಅವಳಿಗೆ ಎತ್ತರವಾಗಿ ಕಂಡಿದ್ದ.

ಹಾಗಾಗಿ ಅವಳು ಸ್ತೆಲಿಯೋಸನನ್ನು ಕೇಳಿದ್ದು ಒಂದೇ: ಕಾರ್ಡಿನ ಮೇಲೆ ನನ್ನ ಹೆಸರೂ ಇರಲಿ. ಅವನು ಹೊಸ ವರ್ಷಕ್ಕೆ ಹೊಸ ಕಾರ್ಡು ಮಾಡಿಸುವಾಗ ನೋಡೋಣ ಎಂದಿದ್ದ. ಆ ಹೊಸ ವರ್ಷ ನಾಳೆಯೇ. ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಕೊನೆಯ ದಿನ, ಶುಕ್ರವಾರ. ಮೊನ್ನೆ ಹೊಸ ಕಾರ್ಡಿನ ಮಾದರಿ ಮೇಜಿನ ಮೇಲಿತ್ತು. ಬಣ್ಣ ಬದಲಾಗಿತ್ತು, ಅಕ್ಷರ ದಪ್ಪವಾಗಿತ್ತು, ಹೆಸರು ಮಾತ್ರ ಎಲೆನಿಯೊಬ್ಬಳದೇ. ಕೇಳಿದ್ದಕ್ಕೆ, "ಜನ ಬರೋದೇ ಗ್ರೀಕ್ ತಾಯಿಯ ಅಡುಗೆ ಅಂತ" ಎಂದು ನಕ್ಕುಬಿಟ್ಟ. ಸೋಮವಾರ ಅದು ಅಚ್ಚಿಗೆ ಹೋಗುವುದಿತ್ತು.

ಅವತ್ತು ರಂಜಾನಿನ ಇಪ್ಪತ್ಮೂರನೆಯ ರೋಜಾ. ಉಪವಾಸದಲ್ಲಿ ಅಡುಗೆ ಮಾಡುವುದೇನೂ ಅವಳಿಗೆ ಹೊಸದಲ್ಲ, ರುಚಿ ನೋಡದೆ ಮಾಡುವುದೂ. ಕಾರು ಬಿಡುತ್ತ ಸಮದ್ ಗೊಣಗಿದ.

"ಆಪಾ, ನಾಲಿಗೆ ತುದಿಗೆ ಇಟ್ಟು ಉಗಿದ್ಬಿಟ್ರೆ ರೋಜಾ ಮುರಿಯಲ್ಲ. ಅಡುಗೆ ಮಾಡೋರಿಗೆ ಅಷ್ಟು ಮಾಫಿ ಇದೆ."

"ನಲವತ್ತು ವರ್ಷದಿಂದ ಉಪ್ಪು ಹಾಕ್ತಿರೋ ಕೈ ಕಣೋ ಇದು. ಇದಕ್ಕೆ ನಾಲಿಗೆ ಬಂದು ಸಾಕ್ಷಿ ಹೇಳ್ಬೇಕಾ?"

ಸಮದ್ ಫ್ರೀವೇ ಕಡೆ ನೋಡಿದ. ಅಕ್ಕನ ಜಂಬದ ಮುಂದೆ ಅವನು ಯಾವತ್ತು ಗೆದ್ದಿದ್ದ!

ಎಲೆನಿಯ ಮನೆಯಲ್ಲಿ ಕುರಿಮಾಂಸ, ಆಲೂಗಡ್ಡೆ, ನಿಂಬೆರಸ ಎಲ್ಲ ದೊಡ್ಡ ಪಾತ್ರೆಗೆ ಬಿದ್ದವು, ಉಪ್ಪೂ ಬಿತ್ತು. ಶತಮಾನದ ಕೊನೆಯ ದಿನ ಅಮ್ಮನೂ ದೋಣಿಗೆ ಬರಲಿ ಎಂದು ಸ್ತೆಲಿಯೋಸ್ ಹೇಳಿದ್ದರಿಂದ ಮುದುಕಿ ನೀಲಿ ರೇಷ್ಮೆ ಸ್ಕಾರ್ಫು ಕಟ್ಟಿಕೊಂಡು, ಒಲೆಯ ಪಕ್ಕದ ಕುರ್ಚಿಯಲ್ಲಿ ಮದುವಣಗಿತ್ತಿಯ ಹಾಗೆ ಕೂತಿದ್ದಳು. ರೋಷನ್ ಬೀ ಸಾಮಾನಿನ ಡಬ್ಬಗಳನ್ನು ಕಾರಿಗೆ ಸಾಗಿಸಲು ನಾಲ್ಕು ಸಲ ಹೊರಗೆ ಹೋಗಿ ಬಂದಳು.

ಅವತ್ತಿನ ಆರು ಜನ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸ್ಟಾರ್ಟಪ್ಪಿನವರು. ಎರಡು ಸಾವಿರದ ಇಸವಿ ಹುಟ್ಟುವ ಗಳಿಗೆಗೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆಂಬ ಭಯದಲ್ಲಿ ತಿಂಗಳುಗಟ್ಟಲೆ ದುಡಿದು, ಈಗ ಒಂದು ಹಗಲು ರಜೆ ಪಡೆದಿದ್ದರು. ಅವರ ಮುಂದಾಳು ವಸುಧಾ ಎಂಬ ಹುಡುಗಿ. ದೋಣಿ ಗಾಳಿಗೆ ವಾಲಿದಾಗ ಅವಳು ನೀರು ಕೇಳಲು ಕೆಳಗಿಳಿದಳು. ರೋಷನ್ ಬೀ ತೂಗುವ ಒಲೆಯ ಮೇಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, "ನೆಟ್ಟಗೆ ನಿಂತ್ಕೊಳೇ ಮಾರಾಯ್ತಿ, ಇನ್ನರ್ಧ ಗಂಟೆ" ಎಂದು ಗದರಿಸುತ್ತಿದ್ದಳು.

"ಅಯ್ಯೋ, ಆಂಟಿ, ಕನ್ನಡದವರಾ ನೀವು?"

"ಮೈಸೂರು. ನೀನು?"

"ಬೆಂಗಳೂರು, ಚಾಮರಾಜಪೇಟೆ. ವಸುಧಾ ಅಂತ. ಇಲ್ಲೇನ್ ಮಾಡ್ತಿದೀರಾ? ಅಡುಗೆ ಅವರಮ್ಮ ಮಾಡೋದು ಅಂತ ಕಾರ್ಡಲ್ಲಿ ಇತ್ತಲ್ಲ?"

ರೋಷನ್ ಬೀ ಲೋಟಕ್ಕೆ ನೀರು ಬಗ್ಗಿಸಿದಳು. "ನೀರು ತಗೋಮ್ಮ" ಎಂದಷ್ಟೇ ಹೇಳಿದಳು.

ಏಂಜೆಲ್ ಐಲೆಂಡಿನ ಮರೆಗೆ ಬಂದಾಗ ಗಾಳಿ ಇಳಿಯಿತು. ಸ್ತೆಲಿಯೋಸ್ ಲಂಗರು ಬಿಟ್ಟು, ಹಾಯಿ ಮಡಚಿ, ವೈನು ಸುರಿದ. ದ್ರಾಕ್ಷಿ ಎಲೆಯ ಸುರುಳಿ, ಪಾಲಕ್ ತುಂಬಿದ ಪದರದ ರೊಟ್ಟಿ, ಸೌತೆಕಾಯಿ ಮೊಸರು ಮೇಲಕ್ಕೆ ಹೋದವು. ಮೇಲೆ ನಗು, ಗ್ಲಾಸುಗಳ ಸದ್ದು. ಕೊನೆಗೆ ಕುರಿಮಾಂಸ ಹೋಯಿತು.

ಊಟ ಚೆನ್ನಾಗಿದ್ದರೆ ಹೇಗೆ ಕೇಳಿಸುತ್ತದೆಂದು ಅವಳಿಗೆ ಗೊತ್ತು. ಮೊದಲು ಮಾತು ನಿಲ್ಲುತ್ತದೆ, ಆಮೇಲೆ ತುಂಬಿದ ಬಾಯಲ್ಲೇ ಮತ್ತೆ ಶುರುವಾಗುತ್ತದೆ. ಅವತ್ತು ಮಾತು ನಿಂತದ್ದು ನಿಂತೇ ಹೋಯಿತು. ಯಾರೋ ಕೆಮ್ಮಿದರು. ಯಾರೋ ನೀರು ಕೇಳಿದರು, ಇನ್ನೊಬ್ಬರೂ ಕೇಳಿದರು.

ಸ್ತೆಲಿಯೋಸ್ ಮೆಟ್ಟಿಲಿಳಿದು ಬಂದ. ಮುಖ ಕೆಂಪಗಿತ್ತು. "ಸಮುದ್ರದ ನೀರು ಸುರಿದೆಯಾ? ಬಾಯಿಗಿಡೋ ಹಾಗಿಲ್ಲ!"

ರೋಷನ್ ಬೀ ಬೆಳಗಿನದನ್ನು ನೆನೆದಳು. ಒಂದೇ ಸಲ ಹಾಕಿದ್ದೆನಲ್ಲ? ಅಥವಾ ಡಬ್ಬ ಸಾಗಿಸುವ ಗಡಿಬಿಡಿಯಲ್ಲಿ ಎರಡು ಸಲವೇ? ಹಸಿದ ತಲೆಗೆ ಅಷ್ಟೂ ನೆನಪಾಗಲಿಲ್ಲ. ಬೆಳಿಗ್ಗೆ ತಮ್ಮನ ಮುಂದೆ ಕೊಚ್ಚಿಕೊಂಡದ್ದು ಮಾತ್ರ ಸ್ಪಷ್ಟವಾಗಿ ನೆನಪಾಯಿತು.

"ನೀನು ಮೇಲೆ ಬರ್ಬೇಡ" ಎಂದ ಸ್ತೆಲಿಯೋಸ್, ದನಿ ತಗ್ಗಿಸಿ. "ಅಮ್ಮನಿಗೆ ವಯಸ್ಸಾಯ್ತು, ಕೈ ತಪ್ಪಿತು ಅಂತ ಹೇಳ್ತೀನಿ. ಮುದುಕಿ ಅಂದ್ರೆ ಕ್ಷಮಿಸ್ತಾರೆ. ನೀನು ಬಾಯಿ ಬಿಟ್ರೆ, ಆ ಕಾರ್ಡಿನ ಆಸೆ ಇವತ್ತಿಗೇ ಬಿಡು."

ಅವನು ಮೇಲೆ ಹೋದ. ರೋಷನ್ ಬೀ ಮೆಟ್ಟಿಲ ಬುಡದಲ್ಲಿ ನಿಂತು ತಲೆಯೆತ್ತಿದಳು. ನೀಲಿ ಸ್ಕಾರ್ಫಿನ ಮುದುಕಿ ಬಿಸಿಲಿಗೆ ಮುಖವೊಡ್ಡಿ ಕೂತಿದ್ದಳು. ಮಗ ಇಂಗ್ಲಿಷಿನಲ್ಲಿ ಅವಳ ಹೆಸರಿಗೆ ಮಸಿ ಬಳಿಯಲು ಬಾಯಿ ತೆರೆಯುತ್ತಿದ್ದುದು ಅವಳಿಗೆ ತಿಳಿದಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ವರ್ಷವಿಡೀ ಬಂದ ಹೊಗಳಿಕೆ ಎಲೆನಿಗೆ ಹೋಯಿತು, ಇವತ್ತಿನ ಬೈಗುಳವೂ ಅಲ್ಲಿಗೇ ಹೋಗಲಿ ಎಂದು ಒಂದು ಗಳಿಗೆ ಅನಿಸಿದ್ದೂ ಉಂಟು, ಸುಳ್ಳೇಕೆ ಹೇಳಬೇಕು. ಆದರೆ ಬಾಗಿಲ ಸಂದಿಯಿಂದ ಕಂಡ ಅಪ್ಪ ಬಿಡಲಿಲ್ಲ. ರೋಷನ್ ಬೀ ದುಪಟ್ಟಾ ಸರಿಮಾಡಿಕೊಂಡಳು, ಟವೆಲಿಗೆ ಕೈ ಒರೆಸಿದಳು, ಮೆಟ್ಟಿಲು ಹತ್ತಿದಳು.

"ವಸುಧಾ, ನನ್ನ ಇಂಗ್ಲಿಷು ಇವತ್ತು ಸಾಲಲ್ಲ. ನಾನು ಹೇಳಿದ್ದನ್ನ ಹೇಳಿದ ಹಾಗೇ ಇವರಿಗೆ ಹೇಳಮ್ಮ." ಸ್ತೆಲಿಯೋಸನ ಕಡೆ ಅವಳು ತಿರುಗಿಯೂ ನೋಡಲಿಲ್ಲ. "ಈ ಅಡುಗೆ ನಂದು. ಒಂದು ವರ್ಷದಿಂದ ಈ ದೋಣಿಯಲ್ಲಿ ಆಗಿರೋ ಅಡುಗೆ ಎಲ್ಲ ನಂದು. ಕಲಿಸಿದ್ದು ಈ ಅಮ್ಮ, ಮಾಡಿದ್ದು ನಾನು. ಇವತ್ತು ಉಪ್ಪು ಹೆಚ್ಚಾಗಿದ್ರೆ ಅದೂ ನಂದೇ. ರೋಜಾ ಇದೀನಿ, ರುಚಿ ನೋಡ್ಲಿಲ್ಲ, ಕೈ ಮೇಲೆ ಜಂಬ ಜಾಸ್ತಿ ನಂಗೆ. ಇವರ ಹೆಸರು ಎತ್ಬೇಡಿ."

ವಸುಧಾ ಒಂದೊಂದೇ ಮಾತನ್ನು ಇಂಗ್ಲಿಷಿಗೆ ದಾಟಿಸಿದಳು. ಯಾರೂ ಗ್ಲಾಸು ಮುಟ್ಟಲಿಲ್ಲ.

ಎಲೆನಿ ಮಗನ ತೋಳು ಜಗ್ಗಿ ಏನೆಂದು ಕೇಳಿದಳು. ಅವನು ತಡವರಿಸುತ್ತ ಗ್ರೀಕಿನಲ್ಲಿ ಹೇಳಿದ. ಕೇಳುತ್ತ ಕೇಳುತ್ತ ಮುದುಕಿಯ ಹುಬ್ಬು ಮೇಲೇರಿತು. ಊರುಗೋಲನ್ನು ಹಲಗೆಗೆ ಕುಟ್ಟಿದಳು. ಎಡಗೈಯೆತ್ತಿ, ಮೂರು ಬೆರಳು ಕೂಡಿಸಿ, ಇಲ್ಲದ ಪಾತ್ರೆಗೆ ಇಲ್ಲದ ಉಪ್ಪು ಉದುರಿಸಿದಳು. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಅದೇ ಕೈಯಿಂದ ಎದೆ ತಟ್ಟಿಕೊಂಡಳು.

ಎಲ್ಲರಿಗೂ ಅರ್ಥವಾಯಿತು. ರೋಷನ್ ಬೀ ಡಬ್ಬ ಹೊತ್ತು ಹೊರಗೆ ಹೋದಾಗ, ಎರಡು ವರ್ಷದಿಂದ ಒಲೆ ಮುಟ್ಟದ ಮುದುಕಿ ಎದ್ದು ನಿಂತು, ಕಾರ್ಡಿನಲ್ಲಿ ಹೆಸರಿರುವ ತಪ್ಪಿಗಾದರೂ ತನ್ನ ಪಾಲು ಸಲ್ಲಿಸಿದ್ದಳು!

"ಅವರು ಹಾಕಿದ್ರೇನು, ಪಾತ್ರೆ ನಂದು" ಎಂದಳು ರೋಷನ್ ಬೀ. ಎಲೆನಿ ಮತ್ತೆ ಊರುಗೋಲು ಕುಟ್ಟಿದಳು. ಇವಳು ತನ್ನ ಎದೆ ಮುಟ್ಟಿ ತೋರಿಸಿದಳು, ಅವಳು ತನ್ನದನ್ನು. ಉಪ್ಪಿನ ಒಡೆತನಕ್ಕೆ ಇಬ್ಬರು ಹೆಂಗಸರು ಹಟ ಹಿಡಿದು ಕಾದಾಡುವುದನ್ನು ನೋಡಿ ಮೊದಲು ವಸುಧಾ ನಕ್ಕಳು, ಆಮೇಲೆ ದೋಣಿಗೆ ದೋಣಿಯೇ ನಕ್ಕಿತು. ಸ್ತೆಲಿಯೋಸನೊಬ್ಬ ನಗಲಾರದೆ ಹಗ್ಗ ಸುತ್ತುತ್ತ ನಿಂತ. ಸುತ್ತಿದ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತಿದ.

"ತಟ್ಟೆ ಎಲ್ಲ ವಾಪಸ್ ಕೊಡಿ" ಎಂದಳು ರೋಷನ್ ಬೀ. "ನಲವತ್ತು ನಿಮಿಷ."

ದ್ರಾಕ್ಷಿ ಎಲೆಗೆಂದು ತಂದ ಅಕ್ಕಿ ಮಿಕ್ಕಿತ್ತು. ಅದನ್ನು ಉಪ್ಪಿಲ್ಲದೆ ಅರ್ಧ ಬೇಯಿಸಿ ಬಸಿದಳು. ಕೆಳಗೆ ಪಾತ್ರೆಯಲ್ಲೇ ಉಳಿದಿದ್ದ ಮಾಂಸ, ಮೇಲೆ ಅನ್ನ, ಮತ್ತೆ ಮಾಂಸ, ಮತ್ತೆ ಅನ್ನ. ಸಪ್ಪೆ ಮೊಸರು, ನಿಂಬೆ. ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಿ ದಮ್ ಕಟ್ಟಿದಳು. ಆರು ಜನರ ಮಾಂಸಕ್ಕೆ ಬಿದ್ದಿದ್ದ ಉಪ್ಪು ಈಗ ಹನ್ನೆರಡು ಜನರ ಅನ್ನಕ್ಕೆ ಹಂಚಿಹೋಗಲಿ ಎಂಬ ಲೆಕ್ಕ. ಈ ಸಲ ಎಲೆನಿಯನ್ನು ಮೆಲ್ಲನೆ ಕೆಳಗಿಳಿಸಿ ಒಲೆಯ ಪಕ್ಕದಲ್ಲೇ ಕೂರಿಸಿಕೊಂಡಳು. ಮುಚ್ಚಳ ತೆರೆದು ಮೊದಲ ಚಮಚವನ್ನು ವಸುಧಾಳ ಬಾಯಿಗಿಟ್ಟಳು. ವಸುಧಾ ಕಣ್ಣು ಮುಚ್ಚಿ, "ಆಂಟಿ, ಇದು ಗ್ರೀಕೂ ಅಲ್ಲ, ಮೈಸೂರೂ ಅಲ್ಲ. ಪೂರ್ತಿ ಪಾತ್ರೆ ನಂಗೇ ಕೊಡಿ" ಎಂದಳು.

ಮೇಲೆ ಮಾತು ನಿಂತಿತು. ಆಮೇಲೆ, ತುಂಬಿದ ಬಾಯಲ್ಲಿ, ಮತ್ತೆ ಶುರುವಾಯಿತು.

ವಾಪಸ್ಸು ಬರುವಾಗ ಸ್ತೆಲಿಯೋಸ್ ಚುಕ್ಕಾಣಿಯನ್ನು ಗೆಳೆಯನಂತಾಗಿದ್ದ ಒಬ್ಬ ಗಿರಾಕಿಯ ಕೈಗೆ ಕೊಟ್ಟು, ಜೇಬಿನಿಂದ ಹೊಸ ಕಾರ್ಡಿನ ಮಾದರಿಯನ್ನು ತೆಗೆದ. ತಾಯಿ ಪಕ್ಕದಲ್ಲೇ, ಊರುಗೋಲು ಕೈಯಲ್ಲೇ. ಎಲೆನಿಯ ಹೆಸರಿನ ಕೆಳಗೆ ಪೆನ್ನಿನಿಂದ ರೋಷನ್ ಬೀಯ ಹೆಸರು ಬರೆದು, "ಸೋಮವಾರ ಹೀಗೇ ಅಚ್ಚಾಗುತ್ತೆ. ನನ್ನದು ತಪ್ಪಾಯ್ತು" ಎಂದ. ಅವಳು ಕಾರ್ಡನ್ನು ವಸುಧಾಳ ಕೈಗಿತ್ತು ಕನ್ನಡದಲ್ಲೂ ಬರೆಸಿದಳು: ರೋಷನ್ ಬೀ, ಮಂಡಿ ಮೊಹಲ್ಲಾ, ಮೈಸೂರು. ಆಮೇಲೆ ಸ್ತೆಲಿಯೋಸ್ ಆರೂ ಜನರ ಮುಂದೆ ಅವಳನ್ನು ನಿಲ್ಲಿಸಿ, "ಇವತ್ತಿನ ಅಡುಗೆ ಇವರದು" ಎಂದ. ಯಾರೂ ಹೇಳಿಕೊಟ್ಟಿರಲಿಲ್ಲ. ಎಲೆನಿ ನೀಲಿ ಸ್ಕಾರ್ಫು ಬಿಚ್ಚಿ ಅವಳ ಹೆಗಲಿಗೆ ಹಾಕಿದಳು. ರೋಷನ್ ಬೀಗೆ ಅಳು ಬಂತು. ಬಂದದ್ದನ್ನು ಅವಳು ತಡೆಯಲೂ ಇಲ್ಲ.

ದೋಣಿ ದಡ ಸೇರುವ ಹೊತ್ತಿಗೆ ಸೂರ್ಯ ಕೊಲ್ಲಿಯ ಬಾಯಿಗಿರುವ ಸೇತುವೆಯಾಚೆ ಮುಳುಗಿದ. ರೋಷನ್ ಬೀ ಡಬ್ಬಿಯಿಂದ ಎರಡು ಖರ್ಜೂರ ತೆಗೆದು ಒಂದನ್ನು ಎಲೆನಿಗೆ ಕೊಟ್ಟಳು, ಒಂದರಿಂದ ರೋಜಾ ಬಿಟ್ಟಳು. ನೀರು ಕುಡಿದ ಮೇಲೆ, ಬೆಳಗಿನ ಪಾತ್ರೆಯ ತಳದಲ್ಲಿ ಬೇಕೆಂದೇ ಉಳಿಸಿಕೊಂಡಿದ್ದ ಮಾಂಸದ ತುಂಡೊಂದನ್ನು ಬಾಯಿಗಿಟ್ಟಳು. ಉಪ್ಪು ನಾಲಿಗೆಯನ್ನು ಕಚ್ಚಿತು. ಮುಖ ಹಿಂಡಿತು, ಕಣ್ಣಲ್ಲಿ ನೀರು ಬಂತು. ಸಮದ್ ದಡದ ಮೇಲೆ ಕಾರಿಗೊರಗಿ ಕಾಯುತ್ತಿದ್ದ.

"ಹೇಗಾಯ್ತು ಆಪಾ ಅಡುಗೆ?"

"ಉಪ್ಪು ಜಾಸ್ತಿ ಆಗಿತ್ತು" ಎಂದಳು ರೋಷನ್ ಬೀ, ಇಡೀ ದಡಕ್ಕೆ ಕೇಳುವ ಹಾಗೆ. "ನಾನೇ ಮಾಡಿದ್ದು."